ತನುಜಾಳ ಲೇಸರ್

ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕುಳಿತಿದ್ದರು. ಹಿರಿಯಾಕೆಯೇ ಮಾತು ತೆಗೆದಳು.

“ಸಿದ್ದವ್ವಾ, ನಿನ್ನ ಮಗಳು ತನುಜಾ ಆ ದೊಡ್ಡ ಲ್ಯಾಬಿನ್ಯಾಗ ಏನ್ ಮಾಡ್ತಾಳ?”

“ಮಿಠಾಯಿ ಮ್ಯಾಲಿನ ಬೆಳ್ಳಿ ಹಾಳಿಯಂಥಾ ತೆಳ್ಳನ ತಗಡಿಗೆ ಲೇಸರ್ ಹೊಡೀತಾರ್ರಿ, ನೀಲಕ್ಕ. ಅದರಿಂದ ಪ್ರೋಟಾನ್ ಅನ್ನೂ ಕಣ ಭಾಳ ಜೋರ್ ಚಿಮ್ಮತಾವಂತ. ಮುಂದ ಕ್ಯಾನ್ಸರ್ ಗಡ್ಡಿ ಸುಡಾಕ ಬರಬಹುದಂತ.”

“ಲೇಸರ್ ಏನ್ ದೊಡ್ಡದು? ನನ್ನ ಸೊಸಿ ಹುಬ್ಬಳ್ಳ್ಯಾಗ ಅದರಿಂದನ ಗದ್ದದ ಕೂದ್ಲ ತಗಿಸ್ಯಾಳ.”

“ಅದು ಬ್ಯಾರೇರಿ.”

“ನನ್ನ ಮಗಳು ರಂಜನಾ ಸಾಲ್ಯಾಗ ಅಕಿಗಿಂತ ಮುಂದಿದ್ಲು. ನಾವ ಲಗ್ನಕ್ಕ ಅವಸರ ಮಾಡಿದ್ವಿ.”

“ಹೌದ್ರಿ. ತನುಜಾಗ ಗಣಿತ ಹೇಳಿಕೊಟ್ಟಾಕಿನ ರಂಜನಾ.”

ಹಾನಗಲ್ಲ ಬಸ್ಸು ಬಂತು. ಇಬ್ಬರೂ ಎದ್ದರು.

“ಅಮಾಸಿಗೊಮ್ಮೆ ಅಕೀ ಫೋಟೋಕ್ಕ ದೃಷ್ಟಿ ತಗಿ, ಸಿದ್ದವ್ವಾ. ಮಂದಿ ಕಣ್ಣು ಚಲೋ ಇರೂದಿಲ್ಲ.”

“ಅಮಾಸಿ ತನಕ ಕಾಯೂದಿಲ್ರಿ, ಅಕ್ಕ. ನೀವು ಅಕೀ ಸುದ್ದಿ ಕೇಳಿದ ದಿನಾನ ತಗೀತೇನಿ.”