ಪಟ್ಟಿಯ ತಲೆಯ ಮೇಲಿನ ಶ್ರೀಕಾರ

ನಮ್ಮ ಕೊಬ್ಬರಿ ವರ್ತಕರ ಸಂಘದ ಮಾನ್ಯ ಅಧ್ಯಕ್ಷರೇ, ಹಾಸನದಿಂದ ಬಂದು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನ ಮಂಡಿ ಮಾಲೀಕರೇ, ಕುರ್ಚಿ ಸಾಲದೆ ಬಾಗಿಲ ಬಳಿ ನಿಂತಿರುವ ಹಮಾಲರೇ, ಅಕ್ಕತಂಗಿಯರೇ, ಸಭಿಕರೇ,

ಅಧ್ಯಕ್ಷರಾದ ಧರಣಪ್ಪನವರು ಮನೆಯಲ್ಲಿ ನನ್ನ ಮೈದುನ. ಅಲ್ಲಿ ನಾನು ಮಾತಾಡುವಾಗ ಅವರು ಎದ್ದು ನಿಲ್ಲುತ್ತಾರೆ. ಇಲ್ಲಿ ಅವರು ಕೂತಿದ್ದಾರೆ, ನಾನು ನಿಂತಿದ್ದೇನೆ. ಸಭಾ ಮರ್ಯಾದೆ ಎಂದರೆ ಇದೇ ಇರಬೇಕು.

ಈ ದಿನದ ಆಮಂತ್ರಣದಲ್ಲಿ ಎರಡು ಕಾರ್ಯಕ್ರಮಗಳು ಅಚ್ಚಾಗಿವೆ. ದಿವಂಗತ ಪದ್ಮಣ್ಣನವರ ಮಂಡಿಯನ್ನು ನಡೆಸಿಕೊಂಡು ಬಂದಿರುವ ಶ್ರೀಮತಿ ಕಾಂಚನಮಾಲಾ ಅವರಿಗೆ ಸನ್ಮಾನ. ಅದು ನಾನು. ಸ್ವಇಚ್ಛೆಯಿಂದ ಕೆಲಸ ಬಿಡುತ್ತಿರುವ ಟೆಲೆಕ್ಸ್ ಆಪರೇಟರ್ ಕುಮಾರಿ ಆಂಡಾಳ್ ಅವರಿಗೆ ಬೀಳ್ಕೊಡುಗೆ. ಮೊದಲನೆಯದರ ಬಗ್ಗೆ ನಾನು ಹೇಳುವುದೇನೂ ಇಲ್ಲ. ಎರಡನೆಯದು ಸುಳ್ಳು.

ಇಪ್ಪತ್ತೆರಡು ವರ್ಷದ ಹುಡುಗಿಗೆ ಇದೆಂಥ ಸ್ವಇಚ್ಛೆ? ಬೇಲೂರಿನ ದೇವಸ್ಥಾನದಲ್ಲಿ ಸೇವೆಯಲ್ಲಿರುವ ತಂದೆ, ಬಾಣಾವರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ವಾಸ, ಅಲ್ಲಿಂದ ದಿನಾ ಬೆಳಗಿನ ರೈಲಿನಲ್ಲಿ ನಿಂತು ಬರುವವಳು. ಅವಳು ಯಾವ ಇಚ್ಛೆಯಿಂದ ಕೆಲಸ ಬಿಡುತ್ತಾಳೆ? ನೋಡಿ, ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಬೀಳ್ಕೊಡುಗೆಗೆ ಬಂದವಳ ಮುಖವೇ ಅದು? ತಲೆ ಎತ್ತು ಆಂಡಾಳ್.

ಮುಖ್ಯ ಅತಿಥಿಗಳಿಗೆ ವಿಷಯ ತಿಳಿದಿರಲಾರದು, ಹೇಳುತ್ತೇನೆ. ಬೆಂಗಳೂರಿನ ಒಂದು ಕಂಪನಿಯ ಕಂಪ್ಯೂಟರಿನಲ್ಲಿ ನಮ್ಮ ಒಬ್ಬೊಬ್ಬ ವರ್ತಕರ ಹೆಸರಿಗೂ ಒಂದು ಟಪಾಲು ಪೆಟ್ಟಿಗೆ ಇದೆ. ಮರದ್ದಲ್ಲ, ತಗಡಿನದಲ್ಲ, ಕಣ್ಣಿಗೆ ಕಾಣದ ಪೆಟ್ಟಿಗೆ. ಇವರ ಪೆಟ್ಟಿಗೆ ತೆರೆ, ಅವರ ಪೆಟ್ಟಿಗೆಗೆ ಹಾಕು, ಇಷ್ಟು ಜನಕ್ಕೂ ಈ ದಿನದ ಧಾರಣೆ ಕಳಿಸು ಎಂದು ಇಲ್ಲಿಂದ ಟೆಲೆಕ್ಸಿನಲ್ಲಿ, ಎಂದರೆ ಹೊಡೆದದ್ದನ್ನು ತಂತಿಯ ಮೇಲೆ ಕಳಿಸುವ ಟೈಪ್ ಯಂತ್ರದಲ್ಲಿ, ಆಜ್ಞೆ ಕೊಟ್ಟರೆ ಅದು ನಡೆಸುತ್ತದೆ. ಲೈನ್ ಸಿಕ್ಕ ಮೇಲೆ ಆಜ್ಞೆಗಳನ್ನು ಒಂದೊಂದಾಗಿ ಹೊಡೆಯುತ್ತ ಕೂತರೆ ಹೊತ್ತು ಹೋಗುತ್ತದೆ. ಅದಕ್ಕೆ ಎಲ್ಲವನ್ನೂ ಮೊದಲೇ ಕಾಗದದ ಪಟ್ಟಿಯಲ್ಲಿ ತೂತು ತೂತಾಗಿ ಕೊರೆದಿಟ್ಟು, ಲೈನ್ ಸಿಕ್ಕಿದೊಡನೆ ಪಟ್ಟಿಯನ್ನು ಓಡಿಸುವುದು. ಯುಗಾದಿಯಿಂದ ದೀಪಾವಳಿಯವರೆಗೆ ಆಂಡಾಳ್ ಓಡಿಸಿದ ಪಟ್ಟಿಗಳು ಕುದುರೆಯಂತೆ ಓಡಿದವು.

ದೀಪಾವಳಿ ಕಳೆದ ಮೇಲೆ ಒಂದೂ ಓಡಲಿಲ್ಲ. ಪಟ್ಟಿ ಹಾಕಿದರೆ ಒಂದೇ ಉತ್ತರ: ಕಮ್ಯಾಂಡ್ ನಾಟ್ ರೆಕಗ್ನೈಸ್ಡ್. ಆಜ್ಞೆ ಗುರುತಾಗಲಿಲ್ಲ ಎಂದರ್ಥ. ನನ್ನ ಇಂಗ್ಲಿಷು ಎಸ್ಸೆಸ್ಸೆಲ್ಸಿಯದು, ಆದರೂ ಇಷ್ಟಕ್ಕೆ ಸಾಕಾಯಿತು. ಹರಾಜಿನ ದಿನ ಹೊತ್ತಿಗೆ ಸರಿಯಾಗಿ ಧಾರಣೆ ಹೋಗಲಿಲ್ಲ. ವರ್ತಕರು ಬೀದಿಯಲ್ಲಿ ನಿಂತು ಕೂಗಾಡಿದರು.

ಸಂಘ ಏನು ಮಾಡಿತು? ರಿಬ್ಬನ್ ಬದಲಾಯಿಸಿತು. ಲೈನಿನವರನ್ನು ಬೈಯಿತು. ನಮ್ಮ ಜವಾನ ಜವರಪ್ಪ ಬಂದು, "ಮಿಸೀನಿಗೆ ಕಣ್ಣಾಗೈತೆ ಅಮ್ಮಾರೇ, ಒಂದು ನಿಂಬೆಹಣ್ಣು ಕುಯ್ದು ಬಿಸಾಕ್ಸಿ" ಎಂದ. ಅದೂ ಆಯಿತು. ನಿಂಬೆಹಣ್ಣೂ ಅದಕ್ಕೆ ಗುರುತಾಗಲಿಲ್ಲ. ಕೊನೆಗೆ ಬೆಂಗಳೂರಿನಿಂದ ಮೆಕ್ಯಾನಿಕ್ ಬಂದರು. ಪಟ್ಟಿಯನ್ನು ಮುಟ್ಟಲಿಲ್ಲ. ತಾವೇ ಕೂತು ಕೈಯಲ್ಲಿ ನಾಲ್ಕು ಆಜ್ಞೆ ಹೊಡೆದರು. ನಾಲ್ಕೂ ನಡೆದವು. "ಮೆಷಿನ್ ಸರಿಯಾಗೇ ಇದೆ ರೀ, ಹುಡುಗೀನೇ ಸರಿ ಇಲ್ಲ" ಎಂದು ಹೇಳಿ, ನಮ್ಮ ಮನೆಯಲ್ಲಿ ಊಟ ಮಾಡಿ, ಎರಡು ಸಲ ಪಾಯಸ ಹಾಕಿಸಿಕೊಂಡು ಹೋದರು. ಮಾರನೇ ದಿನವೇ ನಿರ್ಣಯ ಆಯಿತು. ಆಂಡಾಳ್ ಬೇಡ.

ನಾನು ಅವಳ ಪರವಾಗಿ ಟೆಲೆಕ್ಸ್ ಕೋಣೆಯ ಮಹಡಿ ಹತ್ತಿದವಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಮಂಡಿಯ ಕಾಗದ ಹೋಗಿರಲಿಲ್ಲ, ಬೈಯಲೆಂದೇ ಹೋದೆ. ಅವಳು ಎದ್ದು ನಿಂತು, "ಅಮ್ಮ, ಕೈಯಲ್ಲಿ ಹೊಡೆದ್ರೆ ಹೋಗತ್ತೆ. ಪಟ್ಟೀಲಿ ಹೋಗಲ್ಲ. ಎರಡರಲ್ಲೂ ಅದೇ ಆಜ್ಞೆ" ಎಂದಳು.

"ಅದೇ ಆಗಿದ್ರೆ ಯಾಕೇ ಹೋಗಲ್ಲ? ಪಟ್ಟೀಲಿ ಏನೋ ಹೆಚ್ಚಿಗೆ ಇರಬೇಕು" ಎಂದೆ.

ಸಭಿಕರೇ, ಒಂದು ಮೂಟೆ ಕೊಬ್ಬರಿ ಮುಗ್ಗಲು ನಾರಿದರೆ ನಾವು ಮೂಟೆಯನ್ನೇ ಎಸೆಯುತ್ತೇವೆಯೆ? ತೂಗಿದ ಹೆಂಗಸನ್ನು ಮನೆಗೆ ಕಳಿಸುತ್ತೇವೆಯೆ? ನೆಲಕ್ಕೆ ಸುರಿದು ಎರಡು ರಾಶಿ ಮಾಡುತ್ತೇವೆ, ಮೂಸುತ್ತೇವೆ. ನಾರುವ ರಾಶಿಯನ್ನು ಮತ್ತೆ ಎರಡು ಮಾಡುತ್ತೇವೆ. ಕೆಟ್ಟ ಕೊಬ್ಬರಿ ಗಿಟುಕು ಕೈಗೆ ಸಿಗುವವರೆಗೆ ಬಿಡುವುದಿಲ್ಲ. ಈ ಸಭೆಯಲ್ಲಿ ಅದನ್ನು ತಿಳಿಯದವರು ಯಾರಿದ್ದಾರೆ? ಹಾಗಾದರೆ ಪಟ್ಟಿಯ ವಿಷಯದಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತು?

ಕತ್ತರಿ ತರಿಸಿದೆ. ಹಿಂದಿನ ಅರ್ಧ ಕತ್ತರಿಸಿ ಮುಂದಿನದನ್ನು ಓಡಿಸಿದೆವು. ಗುರುತಾಗಲಿಲ್ಲ. ಆ ಅರ್ಧದಲ್ಲಿ ಅರ್ಧ. ಗುರುತಾಗಲಿಲ್ಲ. ಕೊನೆಗೆ ಒಂದೇ ಆಜ್ಞೆಯ ಗೇಣುದ್ದದ ತುಂಡು ಉಳಿಯಿತು. ಅದನ್ನೂ ಯಂತ್ರ ಒಪ್ಪಲಿಲ್ಲ. "ಮುಂದಿಂದ ಕತ್ತರಿಸು" ಎಂದೆ. ಹುಡುಗಿಯ ಕೈ ನಿಂತಿತು.

"ಅಲ್ಲಿ ಶ್ರೀ ಇದೆ ಅಮ್ಮ. ಅದಕ್ಕೆ ಹೇಗೆ ಕತ್ತರಿ ಹಾಕ್ಲಿ?"

"ಅಲ್ಲಿಗೆ ಶ್ರೀ ಹೇಗೆ ಬಂತು?"

"ಅಧ್ಯಕ್ಷರು ಹೇಳಿದ್ರು. ದೀಪಾವಳಿ ಲಕ್ಷ್ಮೀಪೂಜೆ ದಿನ ಬಂದಿದ್ರಲ್ಲ, ಅಚ್ಚಾಗಿ ಬಂದ ಕಾಗದ ನೋಡಿ ಬೈದ್ರು. ತಲೇಲಿ ಶ್ರೀ ಇಲ್ಲದ ಕಾಗದ ನಮ್ಮ ಸಂಘದಿಂದ ಹೊರಗೆ ಹೋಗಕೂಡದು ಅಂದ್ರು. ಅವತ್ತಿಂದ ಎಲ್ಲ ಪಟ್ಟೀಗೂ ಮೊದಲು ಶ್ರೀ ಕೊರೀತೀನಿ. ಕೈಯಲ್ಲಿ ಹೊಡೆಯೋವಾಗ ಆತುರ, ಬಿಟ್ಟುಹೋಗತ್ತೆ. ಆಮೇಲೆ ತಪ್ಪಾಯ್ತು ಅಂತ ಕೈ ಮುಗೀತೀನಿ."

ಅಂದರೆ ಪ್ರತಿಯೊಂದು ಪಟ್ಟಿಯಲ್ಲೂ ಬೆಂಗಳೂರಿನ ಕಂಪ್ಯೂಟರ್ ಮೊದಲು ಓದುತ್ತಿದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ ಕೊರೆದ ಶ್ರೀ. ಅದಕ್ಕೆ ಗೊತ್ತಿರುವುದು ತೆರೆ, ಹಾಕು, ಕಳಿಸು ಎಂಬಂಥ ಹತ್ತಾರು ಮಾತು. ಶ್ರೀ ಎಂದರೆ ಯಾವುದನ್ನು ತೆರೆಯಲಿ, ಯಾರಿಗೆ ಕಳಿಸಲಿ? ಗುರುತಾಗಲಿಲ್ಲ ಎಂದಿತು. ಮೊದಲನೆಯದೇ ಗುರುತಾಗದಿದ್ದರೆ ಅದು ಮುಂದಿನದಕ್ಕೆ ಕಿವಿಗೊಡುವುದಿಲ್ಲ. ಅಷ್ಟೇ. ಇಡೀ ಸಂಘಕ್ಕೆ ಅದು ಯಾಕೆ ಕಾಣಲಿಲ್ಲ? ಯಾಕೆಂದರೆ ನಮ್ಮ ಕಣ್ಣಿಗೆ ಶ್ರೀಕಾರ ಬರಹವಲ್ಲ, ಕಾಗದದ ಹಣೆ. ಹಣೆಯಲ್ಲಿ ತಪ್ಪು ಹುಡುಕುವವರು ಯಾರು?

ಕತ್ತರಿಯನ್ನು ನಾನೇ ತೆಗೆದುಕೊಂಡೆ. ಹಳೇಬೀಡಿನ ಬಸದಿಯ ನೆರಳಿನಲ್ಲಿ ಬೆಳೆದವಳು, ಶ್ರೀ ಬರೆಯದೆ ಹಾಲಿನ ಚೀಟಿಯನ್ನೂ ಬರೆಯದವಳು, ನಾನೇ ಕತ್ತರಿಸಿದೆ. ಆ ತುಂಡನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡೆ. ಇಗೋ, ಇಲ್ಲಿದೆ. ಉಳಿದ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟು ಆಂಡಾಳ್, "ನೀವೇ ಗುಂಡಿ ಒತ್ತಿ ಅಮ್ಮ" ಎಂದಳು.

ಇಲ್ಲಿ ಒಂದು ಮಾತು. ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷ ಸ್ಟೇಷನ್ ರಸ್ತೆಯಲ್ಲಿ ಟೈಪಿಂಗ್ ಶಾಲೆ ತೆರೆದಿತ್ತು. ಒಂದು ವಾರ ಹೋದೆ. ಮಾವನವರು, "ಮಂಡಿ ಮನೆ ಸೊಸೆ ಟಕಟಕ ಅಂತ ಕೂತ್ರೆ ನೋಡಿದೋರು ಏನಂದಾರು?" ಎಂದರು. ನಿಲ್ಲಿಸಿದೆ. ನನಗೆ ಅದರ ಬೇಸರವಿಲ್ಲ. ಮಂಡಿ ನಡೆಸಿದೆ, ಮಕ್ಕಳನ್ನು ಬೆಳೆಸಿದೆ, ಬೇಸರಕ್ಕೆ ಬಿಡುವೆಲ್ಲಿತ್ತು? ಅಕ್ಕಿ ಆರಿಸುವಾಗ ಬೆರಳುಗಳು ಈಗಲೂ ಮೊರದ ಮೇಲೆ ಎ, ಎಸ್, ಡಿ, ಎಫ್ ಎಂದು ತಮ್ಮಷ್ಟಕ್ಕೆ ಆಡುತ್ತವೆ. ಅದು ಬೇರೆ ಮಾತು. ಬೇಸರವಿಲ್ಲ.

ಗುಂಡಿ ಒತ್ತಿದೆ. ಪಟ್ಟಿ ಓಡಿತು. ಆಜ್ಞೆ ನಡೆಯಿತು ಎಂದು ಉತ್ತರ ಬಂತು. ಆಂಡಾಳ್ ಅತ್ತಳು. "ಅಳ್ತೀಯಲ್ಲೇ, ಕೆಲಸ ನೋಡು" ಎಂದು ಗದರಿದೆ.

ಅಂದೇ ಮನೆಯಲ್ಲಿ ಮೈದುನನಿಗೆ ಎಲ್ಲ ಹೇಳಿದೆ. ಅವರು ಏನೆಂದರು? "ಆಗಿದ್ದಾಯ್ತು ಅತ್ತಿಗೆ. ಆಮಂತ್ರಣ ಹಂಚಿಯಾಗಿದೆ. ಶ್ರೀಯಿಂದ ಕೆಲಸ ಕೆಟ್ಟಿತು ಅಂತ ಊರೊಳಗೆ ಹೇಳಕ್ಕಾಗತ್ತಾ? ಅಮಂಗಳ. ಹುಡುಗಿ ಹೋಗ್ಲಿ ಬಿಡಿ, ಮದುವೆ ವಯಸ್ಸು."

ಅಧ್ಯಕ್ಷರೇ, ನೆಲ ನೋಡಬೇಡಿ, ನನ್ನನ್ನು ನೋಡಿ. ಶ್ರೀಕಾರ ಉಳಿಯಲೆಂದು ಒಬ್ಬ ಹುಡುಗಿಯ ಅನ್ನ ಕಳೆಯುವುದು ಮಂಗಳವೆ? ಶ್ರೀಗೆ ಯಾವ ಅಪಮಾನವೂ ಆಗಿಲ್ಲ. ಅದನ್ನು ಯಾರ ಮುಂದೆ ಹೇಳಬೇಕೆಂದು ನಮಗೆ ತಿಳಿಯಲಿಲ್ಲ, ಆ ಅಪಮಾನ ನಮ್ಮದು. ಅದನ್ನು ಹೊರುವುದಕ್ಕೆ ನಿಮ್ಮ ಹೆಗಲಿದೆ, ನನ್ನ ಹೆಗಲೂ ಇದೆ. ಅವಳದ್ದು ಬೇಡ.

ಇನ್ನು ಈ ಪಟ್ಟಿ ನೋಡಿ. ಈ ಬೆಳಿಗ್ಗೆ ಹೋದದ್ದು. ಮುಂದೆ ಒಂದು ಮೊಳದಷ್ಟು ತೂತೇ ಇಲ್ಲ; ಯಂತ್ರಕ್ಕೆ ಸಿಕ್ಕಿಸಲು ಹಾಗೆ ಖಾಲಿ ಬಿಡುತ್ತಾರೆ. ಆ ಖಾಲಿಯಲ್ಲಿ ಆಂಡಾಳ್ ಕೈಯಿಂದ ಕುಂಕುಮದಲ್ಲಿ ಶ್ರೀ ಬರೆಸಿದ್ದೇನೆ. ಯಂತ್ರಕ್ಕೆ ಅದು ಕಾಣುವುದಿಲ್ಲ. ನಮಗೆ ಕಾಣುತ್ತದೆ. ಎಲ್ಲ ಆಜ್ಞೆಗಳೂ ನಡೆದಿವೆ.

ನನಗೆ ಹೊದಿಸಲು ತಂದಿರುವ ಶಾಲು ಮೇಜಿನ ಮೇಲೆಯೇ ಇರಲಿ. ನಿರ್ಣಯ ಹರಿದ ದಿನ ತನ್ನಿ, ಕತ್ತು ಬಗ್ಗಿಸಿ ಹೊದೆಯುತ್ತೇನೆ. ಟೆಲೆಕ್ಸ್ ಕೋಣೆ ನನ್ನ ಮಳಿಗೆಯ ಮಹಡಿಯಲ್ಲಿದೆ ಎಂಬುದನ್ನು ನಿರ್ಣಯ ಬರೆದವರು ಮರೆತಂತಿದೆ. ಬೀಗದ ಕೈ ಇಷ್ಟು ದಿನ ಸಂಘದ ಕಚೇರಿಯಲ್ಲಿ ತೂಗುತ್ತಿತ್ತು. ಈ ಸಂಜೆಯಿಂದ ನನ್ನ ಸೊಂಟದಲ್ಲಿದೆ. ಬೇರೆ ಆಪರೇಟರನ್ನು ತರುವವರು ಬೇರೆ ಮಹಡಿಯನ್ನೂ ತರಲಿ.

ಆಂಡಾಳ್, ಬಾ ಇಲ್ಲಿ. ಸಂಕೋಚ ಪಡಬೇಡ, ಮೆಟ್ಟಿಲು ಹತ್ತಿ ಬಾ. ಹಿಡಿ ಈ ಬೀಗದ ಕೈ. ನಾಳೆ ಬಾಗಿಲು ತೆಗೆಯುವುದು ನೀನು. ಸಂಜೆ ನಾನೂ ಬರುತ್ತೇನೆ. ನನಗೆ ಒಂದು ಪಟ್ಟಿ ಕೊರೆಯುವುದನ್ನು ಹೇಳಿಕೊಡು. ಮಂಡಿಯ ಕೆಲಸಕ್ಕೆ ಬೇಕು, ಬೇರೇನಿಲ್ಲ.

ನಡುವೆ ಬಾಯಿ ಹಾಕದೆ ಕೇಳಿದವರಿಗೂ, ಹಾಕಲು ಧೈರ್ಯ ಸಾಲದೆ ಕೇಳಿದವರಿಗೂ, ಆಗಿನಿಂದ ಗಡಿಯಾರ ನೋಡುವುದನ್ನೇ ಮರೆತ ಮುಖ್ಯ ಅತಿಥಿಗಳಿಗೂ ನನ್ನ ವಂದನೆ. ನಮಸ್ಕಾರ.