ಆಚೆ ದಡಕ್ಕೊಂದು ಹೂಕುಂಡ

…ಇಲ್ಲ ಇಲ್ಲ, ಹೂ ಬೇಡ ನೋಲಾ ಆಂಟಿ. ಈ ಸಲ ಹೂ ಕೊಳ್ಳೋಕೆ ಬಂದಿಲ್ಲ. ನಿಮ್ಮ ಪಾಡಿಗೆ ನೀವು ಕೆಲಸ ಮಾಡ್ತಿರಿ. ಬಾಗಿಲಾ? ಹ್ಞೂಂ, ಚಿಲಕ ನಾನೇ ಹಾಕಿದೆ. ಹೊಳೆ ಗಾಳಿ ಒಳಗೆ ನುಗ್ತಿತ್ತಲ್ಲ, ಅದಕ್ಕೆ. ಯಾಕೆ ಹಾಗೆ ಹಿಂದೆ ಸರೀತೀರ? ನನ್ನ ಕಂಡ್ರೆ ಹೆದರಿಕೆನಾ? ಈ ಬ್ರೆಟ್ ಕಂಡ್ರೆ? ಅಯ್ಯೋ! ಚಡ್ಡಿ ಜಾರಿಸ್ಕೊಂಡು ಓಡಾಡ್ತಿದ್ದಾಗಿಂದ ನೋಡಿದೀರಲ್ಲ ನನ್ನ! ನಮ್ಮಮ್ಮ ಇದೇ ಮೇಜಿನ ಮುಂದೆ ಕೂತು ನಿಮ್ಮ ಕೈಯಿಂದ ಚಹಾ ಕುಡೀತಿದ್ದಳು. ನಾನು ಆ ಮೂಲೇಲಿ ಕೂತು ಕುಂಡದ ಮಣ್ಣು ತಿಂತಿದ್ದೆ ಅಂತ ನೀವೇ ಊರೆಲ್ಲ ಹೇಳ್ಕೊಂಡು ನಗ್ತಿದ್ರಿ.

ಈಗ ನಗ್ತಿಲ್ಲ. ಬಿಡಿ.

ಒಂದೇ ಒಂದು ಮಾತು ಬೇಕು ನಿಮ್ಮಿಂದ. ಮಧ್ಯಾಹ್ನ ಪೊಲೀಸಿನೋರು ಬರ್ತಾರಂತೆ, ನಿಮ್ಮ ಹೇಳಿಕೆ ತಗೊಳ್ಳೋಕೆ. ನನಗೆ ಹೇಗೆ ಗೊತ್ತಾಯ್ತು ಅಂತನಾ? ಇದು ನಮ್ಮ ಬೆನಾಂಬಾ ಊರು, ಆಂಟಿ! ಬೇಕರಿಯಲ್ಲಿ ಒಂದು ಮಾಂಸದ ಪೈ ತಿಂದು ಕೈ ಒರೆಸ್ಕೊಳ್ಳೋಷ್ಟರಲ್ಲಿ ಊರ ಸುದ್ದಿಯೆಲ್ಲ ಕಿವಿಗೆ ಬಿದ್ದಿರುತ್ತೆ. ಅದಕ್ಕೇ ಅವರಿಗಿಂತ ಮುಂಚೆ ನಾನು ಬಂದೆ. ನೀವು ಹೆಚ್ಚೇನೂ ಹೇಳ್ಬೇಕಾಗಿಲ್ಲ. "ತಾಯಂದಿರ ದಿನಕ್ಕೆ ಅಂತ ಬ್ರೆಟ್ ಒಂದು ಸೇವಂತಿಗೆ ಕುಂಡ ಕಳಿಸ್ದ. ಗುಲಾಬಿ ರಿಬ್ಬನ್ ಕಟ್ಟಿ ಕಳಿಸ್ದ." ಮುಗೀತು. ಅಷ್ಟು ಹೇಳೋಕೆ ನಾಲಿಗೆ ಸವೆಯುತ್ತಾ?

ಏನು? ಯಾಕೆ ತಲೆ ತಗ್ಗಿಸಿದ್ರಿ?

ರಿಬ್ಬನ್ನಾ… ಸರಿ. ರಿಬ್ಬನ್ ಬಿಚ್ಚಿ ಅಂದೆ. ಅಂದೆ ಅಂತಲೇ ಇಟ್ಕೊಳ್ಳಿ. ಆ ಓರ್ನೆಲ್ಲಾ, ನಮ್ಮತ್ತೆ, ಅವಳಿಗೆ ಮಿಣಿಮಿಣಿ ಅನ್ನೋ ಸಾಮಾನು ಹಿಡಿಸಲ್ಲ. ಅದಕ್ಕೆ ಬಿಚ್ಚಿಸಿದೆ. ಇಷ್ಟಕ್ಕೆ ಇಷ್ಟು ದೊಡ್ಡ ರಾದ್ಧಾಂತನಾ? ಆವತ್ತು ಬಿಳಿ ಸೇವಂತಿಗೆ ಕೊಳ್ಳದವನು ಈ ಊರಲ್ಲಿ ಯಾವನಿದ್ದ ಹೇಳಿ! ಪೆಟ್ರೋಲ್ ಬಂಕಿನಲ್ಲೂ ಬಕೆಟ್ಟಿನ ತುಂಬ ಇಟ್ಟಿದ್ರು. ನಮ್ಮಮ್ಮ ಇರೋವರೆಗೂ ಮೇ ತಿಂಗಳು ಬಂತು ಅಂದ್ರೆ ನಾನು ನಿಮ್ಮ ಅಂಗಡಿ ಮುಂದೆ ಹಾಜರು. ಅಮ್ಮ ಹೋದ್ಲು. ಇನ್ಯಾರಿಗೆ ಕೊಡ್ಲಿ? ಹೆಂಡತಿಯ ತಾಯಿ ತಾಯಿ ಅಲ್ವಾ? ಕೊಟ್ಟೆ. ನಾನೇನು ಹಾವು ಕಳಿಸಿದ್ನಾ? ಬಾಂಬು ಕಳಿಸಿದ್ನಾ? ಹೂ!

ನಾನೇ ತಗೊಂಡು ಹೋಗ್ಬಹುದಿತ್ತು, ಆದ್ರೆ ಕೋರ್ಟಿನ ಅಪ್ಪಣೆ ಇದೆಯಲ್ಲ, ಮರೀಸಾ ಹತ್ತಿರ ಸುಳೀಬಾರದು, ಸೇತುವೆ ದಾಟಿ ಆಚೆ ದಡಕ್ಕೆ ಕಾಲಿಡಬಾರದು ಅಂತ. ಕಟ್ಟಿಕೊಂಡ ಹೆಂಡತಿ! ತಾಯಿ ಮನೇಲಿ ದ್ರಾಕ್ಷಿ ತೋಟದ ಮಧ್ಯೆ ಕೂತಿದ್ದಾಳೆ, ನಾನು ಈ ದಡದಲ್ಲಿ ನಿಂತು ಅವರ ಮನೆ ಹೊಗೆ ನೋಡ್ಬೇಕು. ಅದಕ್ಕೇ ನಿಮ್ಮ ವ್ಯಾನಿನಲ್ಲಿ ಕಳಿಸಿದ್ದು. ನೀವೇ ಕೈಯಾರೆ ಕೊಟ್ಟು ಬಂದ್ರಿ. ನೀವೇ! ಅದನ್ನೂ ನೆನಪಿಟ್ಕೊಳ್ಳಿ. ಕೇಸು ಅಂದ್ರೆ ನಿಮ್ಮ ಹೆಸರೂ ಬರುತ್ತೆ.

ಹೆದರಿಸ್ತಿಲ್ಲಪ್ಪ. ಇರೋದು ಹೇಳ್ದೆ.

ಇದೇನು, ಇವತ್ತೂ ಬಿಳಿ ಸೇವಂತಿಗೇನೇ? ತಾಯಂದಿರ ದಿನ ಮುಗಿದು ವಾರ ಆಯ್ತಲ್ಲ. ಮಿಕ್ಕಿದ್ದಾ? ಎಷ್ಟೊಂದು ಕುಂಡ! ವ್ಯಾನಿನಲ್ಲೂ ತುಂಬಿಸಿದೀರ. ವೃದ್ಧಾಶ್ರಮಕ್ಕೆ ದಾನನಾ? ಒಳ್ಳೇದು, ಒಳ್ಳೇದು. ನಿಮ್ಮ ಕಣ್ಣು ಯಾಕೆ ಇಷ್ಟು ಕೆಂಪಾಗಿದೆ? ಹೂವಿನ ಪುಡಿ ಹೋಯ್ತೇನೋ.

ನೀವೇ ಹೇಳಿ ಆಂಟಿ, ನಿಮ್ಮ ಅಂಗಡಿಯಿಂದ ಹೆಂಡತಿಗೆ ನನ್ನಷ್ಟು ಕುಂಡ ಒಯ್ದ ಗಂಡಸು ಈ ಊರಲ್ಲಿ ಇನ್ನೊಬ್ಬನಿದ್ದಾನಾ? ಕೊಯ್ದ ಹೂ ತರಬೇಡ, ಅದು ಸಾಯುತ್ತೆ ಅಂತಿದ್ದಳು ಮರೀಸಾ. ಸರಿ, ಬೇರು ಸಮೇತ ತಂದೆ. ಅವಳ ಮಣಿಕಟ್ಟು ಉಳುಕಿದಾಗ ಬಿಗೋನಿಯಾ ಕಳಿಸಿದ್ದು ಯಾರು? ಹಲ್ಲು ಹೋದಾಗ ಆ ಕೆಂಪು ಜೆರೇನಿಯಂ? ಜಗಲಿ ತುಂಬ ಕುಂಡ! ರಸ್ತೇಲಿ ಹೋಗೋ ಹೆಂಗಸರೆಲ್ಲ ನಿಂತು ನೋಡೋರು, ಗಂಡ ಅಂದ್ರೆ ಇವನಪ್ಪಾ ಅನ್ನೋರು. ಆಗ ನೀವು ಒಂದೊಂದು ಕುಂಡಕ್ಕೂ ಹೊಸ ಮಣ್ಣು ಹಾಕಿ ಕೊಡ್ತಿದ್ರಿ. ಯಾಕೆ ಅಂತ ಒಂದು ದಿನ ಕೇಳಲಿಲ್ಲ. ಈಗ ದೊಡ್ಡ ನ್ಯಾಯಾಧೀಶರ ಹಾಗೆ ಮುಖ ಮಾಡ್ತೀರ!

ಹ್ಞಾ, ಅವಳು ಮನೆ ಬಿಟ್ಟು ಹೋದ ದಿನ ಆ ಕುಂಡಗಳನ್ನೆಲ್ಲ ಹೊಳೆಗೆ ಎಸೆದೆ. ಹೌದು, ಎಸೆದೆ! ಕಟ್ಟೆ ಕಲ್ಲಿಗೆ ಒಂದೊಂದೇ ಬಡಿದು ಒಡೆದು ಎಸೆದೆ. ನನ್ನ ದುಡ್ಡು, ನನ್ನ ಹೂ, ನನ್ನ ಜಗಲಿ. ಅವಳು ಒಂದನ್ನೂ ಒಯ್ಯಲಿಲ್ಲ, ಗೊತ್ತಾ ನಿಮಗೆ? ಒಂದು ಎಲೆ ಕೂಡ ಮುಟ್ಟಲಿಲ್ಲ. ಅಷ್ಟು ಸೊಕ್ಕು. ಆ ಮನೆಯವರಿಗೆ ನಾನು ಏನು ಕಮ್ಮಿ ಮಾಡಿದ್ದೆ? ದ್ರಾಕ್ಷಿ ಕೊಯ್ಲಿಗೆ ಹೋದೆ. ಅವರು ವರ್ಷದ ಟೊಮೇಟೊ ಸಾಸ್ ಕುದಿಸೋ ದಿನ ಒಲೆ ಊದಿದೆ. ಅವಳಪ್ಪ ಸತ್ತ ಮೇಲೆ ವರ್ಷಾ ವರ್ಷಾ ಸತ್ತವರ ದಿನಕ್ಕೆ ನವೆಂಬರ್ ಬಿಸಿಲಲ್ಲಿ ಆ ಮುದುಕನ ಸಮಾಧಿಗೆ ಕುಂಡ ಹೊತ್ತವನು ನಾನು! ಸ್ವಂತ ಮಗ ರೆಂಜೊ ಬರಿಗೈಲಿ ನಡೀತಿದ್ದ, ಹೊರ್ತಿದ್ದವನು ಅಳಿಯ. ನಿಮ್ಮ ಅಂಗಡಿಯಿಂದಲೇ ಅಲ್ವಾ ಒಯ್ಯುತ್ತಿದ್ದದ್ದು, ಆ…

ಇರಲಿ. ಆ ಮಾತು ಬಿಡಿ. ಈಗ ಯಾಕೆ ಅದು.

ಯಾಕೆ ಹಾಗೆ ತಲೆ ಎತ್ತಿ ನೋಡಿದ್ರಿ? ಬಿಡಿ ಅಂದ್ನಲ್ಲ!

ನಾನು ಹೇಳ್ತಿದ್ದಿದ್ದು ರೆಂಜೊ ವಿಷಯ. ಆವತ್ತು ಬೆಳಗ್ಗೆಯಿಂದ ನಾನು ದೋಣಿ ಶೆಡ್ಡಿನ ಮುಂದೆ ಕಾಯ್ತಾ… ಕೂತಿದ್ದೆ. ಸುಮ್ನೆ ಕೂತಿದ್ದೆ. ಭಾನುವಾರ, ಗಿರಾಕಿ ಇಲ್ಲ. ಊಟದ ಹೊತ್ತಿಗೆ ಸೇತುವೆ ಮೇಲೆ ಅವನ ಗಾಡಿ ಕಾಣಿಸ್ತು. ಬುರ್ರಂತ ಬಂದ, ಇಳಿದ, ಕೈಯಲ್ಲಿ ಅದೇ ಕುಂಡ. "ನಮ್ಮವ್ವ ಇದನ್ನ ನೋಡಿ ಹೊಸ್ತಿಲ ಮೇಲೇ ಕುಸಿದಳು ಕಣೋ, ಎದೆ ಎದೆ ಬಡ್ಕೊಂಡಳು ಕಣೋ ನಾಯಿ" ಅಂತ ಕೂಗಿದ. ಕುಂಡ ಎತ್ತಿ ನನ್ನ ಕಾಲ ಹತ್ತಿರ ಕುಕ್ಕಿದ. ಚೂರುಚೂರು! ಒಂದು ಹೂವಿಗೆ ಯಾರಾದ್ರೂ ಹಾಗೆ ಆಡ್ತಾರಾ? ಹುಚ್ಚು ಜನ! ಇವತ್ತಿನವರೆಗೂ ನನಗೆ ಅರ್ಥ ಆಗಿಲ್ಲ ನೋಡಿ, ಯಾಕೆ ಆ ಪಾಟಿ ರೇಗಿದ ಅಂತ. ದೇವರಾಣೆ ಗೊತ್ತಿಲ್ಲ. ಆ ಪೊಲೀಸ್ ಹುಡುಗಿಯೂ ಕೇಳಿದ್ಲು, ಆ ಹೂವಿನ ಅರ್ಥ ಗೊತ್ತಾ ನಿನಗೆ ಅಂತ. ಹೂವಿಗೆ ಏನ್ರೀ ಅರ್ಥ, ಹೂ ಅಂದ್ರೆ ಹೂ ಅಂದೆ. ಹಾಗೇ ಬರ್ಕೊಂಡ್ಲು, ಜಾಮೀನಿನ ಮೇಲೆ ಬಿಟ್ರು.

ಅವನು ಮೊದಲು ನುಗ್ಗಿದ. ನನ್ನ ಜಾಗಕ್ಕೆ ನುಗ್ಗಿದ. ನಾನು ಹುಟ್ಟು ತಗೊಂಡೆ. ಬಾಗಿಲ ಪಕ್ಕದಲ್ಲೇ ಇಟ್ಕೊಂಡಿದ್ದೆ… ಇತ್ತು. ಅಲ್ಲೇ ಇತ್ತು. ದೋಣಿ ಶೆಡ್ಡಿನಲ್ಲಿ ಹುಟ್ಟು ಇರದೆ ನೇಗಿಲು ಇರುತ್ತಾ? ಒಂದೇ ಏಟು ಆಂಟಿ. ಕಿವಿ ಮೇಲೆ. ಹಣ್ಣು ಒಡೆದ ಹಾಗೆ ಸದ್ದಾಯ್ತು. ಬಿದ್ದ. ಮೇಲೆ ಏಳೋಕೆ ನೋಡಿದ, ಮೊಣಕೈ ಊರಿ… ಆಗ ಇನ್ನೊಂದು. ಎದ್ದಿದ್ರೆ ನನ್ನ ಕೊಂದೇ ಬಿಡ್ತಿದ್ದ! ಏಳಬೇಡ ಅಂತ ಹೇಳ್ತಾನೇ ಇದ್ದೆ. ಹೇಳ್ತಾ ಹೇಳ್ತಾ ಹೊಡೀತಿದ್ದೆ. ಮಣ್ಣು, ಹೂವು, ರಕ್ತ, ಎಲ್ಲ ಒಂದೇ ರಾಡಿ. ಬಿಳಿ ಹೂವಿನ ಮೇಲೆ ಅವನ ಬಾಯಿಂದ ಗುಳ್ಳೆ ಗುಳ್ಳೆ…

ಯಾಕೆ ಮುಖ ಮುಚ್ಕೊಳ್ತೀರ? ಕೇಳಿ! ಕೇಳ್ಬೇಕು ನೀವು!

ಬದುಕಿದ್ದಾನೆ ತಾನೇ? ನಗರದ ಆಸ್ಪತ್ರೇಲಿ ಮಲಗಿದ್ದಾನೆ. ಮೂಗಿಗೆ ನಳಿಕೆ ಹಾಕಿದಾರಂತೆ. ಇವತ್ತಲ್ಲ ನಾಳೆ ಕಣ್ಣು ಬಿಡ್ತಾನೆ, ಎತ್ತಿನಂಥ ಆಳು. ಅವನು ಕಣ್ಣು ಬಿಟ್ರೆ ಇದು ಬಡಿದಾಟದ ಕೇಸು. ಅವನೇ ನನ್ನ ಶೆಡ್ಡಿಗೆ ನುಗ್ಗಿದ, ನಾನು ಪ್ರಾಣ ಉಳಿಸ್ಕೊಂಡೆ. ಆದ್ರೆ ಬ್ರೆಟ್ ಬೇಕು ಬೇಕು ಅಂತಲೇ ಕೆಣಕಿ ಕರೆಸ್ಕೊಂಡ ಅಂತ ಯಾರಾದ್ರೂ ಬಾಯಿ ಬಿಟ್ರೆ… ಅಲ್ಲಿಗೆ ನನ್ನ ಕಥೆ ಮುಗೀತು. ಮುದುಕ ಆಗೋವರೆಗೂ ಕಂಬಿ ಎಣಿಸ್ಬೇಕು. ಅದಕ್ಕೇ ಕೈ ಮುಗೀತಿದ್ದೀನಿ. ನೋಡಿ, ಮುಗಿದೆ. ನಮ್ಮಮ್ಮನ ಮುಖ ನೋಡಿ ಒಂದು ಮಾತು ಹೇಳಿ. ರಿಬ್ಬನ್ ಇತ್ತು ಅನ್ನಿ.

ಅನ್ನಿ!

ಕಲ್ಲು ನುಂಗಿದ ಹಾಗೆ ನಿಂತಿದ್ದೀಯಲ್ಲ ಮುದುಕಿ, ಬಾಯಿಲ್ವಾ ನಿನಗೆ? ಎಷ್ಟು ಹೊತ್ತಿಂದ ಬೇಡ್ಕೊಳ್ತಿದ್ದೀನಿ! ಇದೋ ನೋಡು, ಈ ಕುಂಡ… ಹೋಯ್ತು! ಇದು… ಹೋಯ್ತು! ಗಾಜಿನ ಹೂದಾನಿ ಬೇಕಾ? ಅದೂ ಹೋಯ್ತು! ಹತ್ತಿರ ಬರಬೇಡ, ಗಾಜಿದೆ ಕಾಲಡಿ. ಆ ಕತ್ತರಿ ಕೊಡು ಇಲ್ಲಿ. ಕೊಡು ಅಂದೆ! ನೀನು ಅವರ ಕಡೆ, ಅಲ್ವಾ? ಅವರ ಮನೆ ಮದುವೆ, ನಾಮಕರಣ, ಎಲ್ಲಕ್ಕೂ ನಿನ್ನ ಹೂವೇ ಬೇಕು. ಅವರ ಮನೆ ಆಲಿವ್ ಎಣ್ಣೆ ತಿಂದ ನಾಲಿಗೆ ನನ್ನ ಪರವಾಗಿ ಯಾಕೆ ಆಡುತ್ತೆ? ಈ ಕತ್ತರಿಲೇ ಅದನ್ನ…

…

ಏನು ಮಾಡ್ತಿದ್ದೀಯ ನೀನು?

ನಾನು ಇಷ್ಟೆಲ್ಲ ಒಡೆದೆ, ನೀನು ಮತ್ತೆ ಕುಂಡ ಎತ್ಕೊಂಡೆಯಾ? ಏನು ಬಿಚ್ತಿದ್ದೀಯ ಉಗುರಲ್ಲಿ? ರಿಬ್ಬನ್ನಾ? ನನ್ನ ಅಣಕಿಸ್ತಿದ್ದೀಯಾ? "ನೀನು ಹೀಗೇ ಬಿಚ್ಚಿಸಿದೆ ಕಣೋ" ಅಂತ ತೋರಿಸ್ತಿದ್ದೀಯಾ?

ಇದಕ್ಕೂ ಬಿಚ್ಚಿದೆ. ಅದಕ್ಕೂ ಬಿಚ್ಚಿದೆ. ಆ ಸಾಲಿಗೆಲ್ಲ ಬಿಚ್ಚಿ ಇಟ್ಟಿದ್ದೀಯ… ನಾನು ಬರೋಕೆ ಮುಂಚೆನೇ ಬಿಚ್ಚಿ ಇಟ್ಟಿದ್ದೀಯ. ಮೇಜಿನ ಕೆಳಗೆ ಗುಲಾಬಿ ರಿಬ್ಬನ್ ರಾಶಿ ಬಿದ್ದಿದೆ. ನಾನು ನೋಡೇ ಇಲ್ಲ. ವೃದ್ಧಾಶ್ರಮಕ್ಕೆ ಕಳಿಸೋಕೆ ರಿಬ್ಬನ್ ಯಾಕೆ ಬಿಚ್ಬೇಕು?

ಯಾರಿಗೆ ಇದೆಲ್ಲ?

ಕೇಳ್ತಿದ್ದೀನಿ, ಯಾರಿಗೆ? ಬೆರಳು ತೋರಿಸಿದ್ರೆ ಏನು ಗೊತ್ತಾಗುತ್ತೆ… ಕಿಟಕಿ ಕಡೆನಾ? ಹೊಳೆ ಕಡೆ? ಆಚೆ… ಆಚೆ ದಡಕ್ಕಾ? ಇಷ್ಟೂನೂ ಆಚೆ ದಡಕ್ಕಾ?

ಇಲ್ಲ.

ಇಲ್ಲ ಇಲ್ಲ ಇಲ್ಲ. ಸುಳ್ಳು! ರೆಂಜೊ ಹಾಗೆಲ್ಲ ಹೋಗಲ್ಲ! ಯಾವಾಗ? ಇವತ್ತು ಬೆಳಗ್ಗೆನಾ? ಓರ್ನೆಲ್ಲಾ ಫೋನ್ ಮಾಡಿದ್ಲಾ? ಅದಕ್ಕೇನಾ ಪೊಲೀಸಿನೋರು ಮಧ್ಯಾಹ್ನ… ಅಯ್ಯೋ ದೇವರೇ. ಬಾಯಿ ಬಿಡಿ ಆಂಟಿ! ಸತ್ತನಾ? ಸತ್ತ ಅಂತ ಹೇಳಿಬಿಡಿ! ಇನ್ನು ಹೇಳೋದೇನಿದೆ, ಕಣ್ಣೆದುರಿಗೇ ಇದೆಯಲ್ಲ! ರಿಬ್ಬನ್ ಇಲ್ಲದ ಬಿಳಿ ಸೇವಂತಿಗೆ ಆ ಜನ ಹೆಣಕ್ಕಲ್ಲದೆ ಇನ್ಯಾತಕ್ಕೆ ತರಿಸ್ತಾರೆ? ಸಮಾಧಿಗಲ್ಲದೆ ಇನ್ನೆಲ್ಲಿಗೆ ಹೊರ್ತಾರೆ? ವರ್ಷಾ ವರ್ಷಾ ನಾನೇ ಹೊತ್ತಿಲ್ವಾ…

…

ಏನು?

ಯಾಕೆ ಕೈ ನಿಲ್ಲಿಸಿದ್ರಿ?

ಹಾಗೆ ನೋಡ್ಬೇಡಿ. ನಾನೇನಂದೆ ಈಗ? ಏನೂ ಅನ್ನಲಿಲ್ಲ. ನೀವು… ನೀವು ರೆಂಜೊ ಹೆಸರೇ ಎತ್ತಲಿಲ್ಲ ಅಲ್ವಾ. ಸತ್ತ ಅಂತ ನೀವು ಹೇಳಲೇ ಇಲ್ಲ. ನಾನೇ…

ತಗೊಳ್ಳಿ, ಕತ್ತರಿ ಇಲ್ಲೇ ಇಟ್ಟಿದ್ದೀನಿ. ಚಿಲಕ ತೆಗೀತೀನಿ. ಚೂರೆಲ್ಲ ಗುಡಿಸಿಕೊಡ್ತೀನಿ. ಆಂಟಿ, ನಾನು ಪೊಲೀಸಿನೋರಿಗೆ ಬರೆಸಿದ್ದೇ ನಿಜ. ನನಗೇನೂ ಗೊತ್ತಿರಲಿಲ್ಲ. ಹೂ ಅಂದ್ರೆ ಹೂ, ಅಷ್ಟೇ… ಅಲ್ವಾ ಆಂಟಿ?

ಆಂಟಿ?