ಗಂಧ ಮೆತ್ತಿದ ಬೈರಿಗೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಎಡ್ವಿನ್ ಮೇಸ್ತ್ರಿಗಳೇ, ನಲವತ್ತು ವರ್ಷ ಬಂದರಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿ ಇವತ್ತು ನಮ್ಮಿಂದ ಸನ್ಮಾನ ಪಡೆಯಲು ಬಂದಿರುವ ಉಮರಬ್ಬ ಸಾಹುಕಾರರೇ, ಕಾರ್ಯದರ್ಶಿ ಜಯ ಅವರೇ, ಮರಕೆಲಸದವರ ಸಂಘದ ಸದಸ್ಯರೇ, ಚಾ ಯಾವಾಗ ಬರುತ್ತದೆಂದು ಬಾಗಿಲನ್ನೇ ನೋಡುತ್ತಿರುವ ಸಭಿಕರೇ,

ಗಿರಾಕಿಗಳ ಪರವಾಗಿ ನಾನು ಎರಡು ಮಾತು ಆಡುತ್ತೇನೆಂದು ಆಮಂತ್ರಣದ ಕಾಗದದಲ್ಲಿ ಅಚ್ಚು ಹಾಕಿಸಿದ್ದಾರೆ. ನಾನು ಹಳ್ಳಿ ಶಾಲೆಯಲ್ಲಿ ಐದನೆಯ ಕ್ಲಾಸು ಓದಿದವಳು. ಎರಡು ಎಂದರೆ ಎಷ್ಟೆಂದು ನನಗೆ ಗೊತ್ತುಂಟು. ಆದರೆ ಇವತ್ತು ಅಷ್ಟರಲ್ಲಿ ಮುಗಿಯುವುದಿಲ್ಲ.

ನನಗಿಂತ ಮೊದಲು ಮೂವರು ಮಾತಾಡಿದರು. ಸಾಹುಕಾರರ ಅಂಗಡಿಯಂಥ ಅಂಗಡಿ ಇಲ್ಲ, ಅವರ ಮಾಲಿನಂಥ ಮಾಲು ಇಲ್ಲ ಎಂದರು. ಮೂವರೂ ನಮ್ಮ ಪಡೀಲಿನವರೇ. ಪಡೀಲಿನ ಮರಕೆಲಸದವರು ಆ ಅಂಗಡಿಯ ಮೆಟ್ಟಿಲು ಹತ್ತದೆ ಒಂಬತ್ತು ವರ್ಷವಾಯಿತು. ಹತ್ತದ ಮೆಟ್ಟಿಲನ್ನು ಹೊಗಳಲು ಎಂಥ ಗಂಟಲು ಬೇಕು! ಯಾಕೆ ಹತ್ತಲಿಲ್ಲ? ನನ್ನ ಒಂದು ಮಾತಿನಿಂದ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ಐವತ್ತೈದನೆಯ ಇಸವಿ. ನವರಾತ್ರಿ ಶುರುವಾಗಿತ್ತು. ದೇರೆಬೈಲಿನ ಹೇಮಾಕ್ಷಿ ಅಮ್ಮನವರ ಹೊಸ ಮನೆಗೆ ನಮ್ಮವರು ತಲೆಬಾಗಿಲಿನ ದಾರಂದ, ಅಂದರೆ ಬಾಗಿಲ ಚೌಕಟ್ಟು, ಮಾಡುತ್ತಿದ್ದರು. ವಿಜಯದಶಮಿಯ ಬೆಳಿಗ್ಗೆ ಒಂಬತ್ತೂವರೆಯ ಮುಹೂರ್ತಕ್ಕೆ ಅದನ್ನು ಜೋಡಿಸಿ ನಿಲ್ಲಿಸಬೇಕಿತ್ತು. ನಮ್ಮವರು ಎಂದರೆ ಯಾರೆಂದು ಕೇಳಬೇಡಿ. ಗಂಡನ ಹೆಸರು ನಾನು ಹೇಳುವುದಿಲ್ಲ, ಸಂಘದ ಪುಸ್ತಕದಲ್ಲಿ ಲೋಕಯ್ಯ ಎಂದು ಬರೆದದ್ದುಂಟು, ಬೇಕಾದವರು ನೋಡಿಕೊಳ್ಳಿ. ತೂತು ಕೊರೆಯುವ ಅವರ ಹಳೆಯ ಬೈರಿಗೆ ಸವೆದು ಹೋಗಿತ್ತು. ಅವರಿಗೆ ಉಳಿ ಕೆಳಗಿಡಲು ಪುರುಸೊತ್ತಿಲ್ಲ. ನನ್ನ ಕೈಗೆ ದುಡ್ಡು ಕೊಟ್ಟು, "ಬಂದರಿಗೆ ಹೋಗಿ ಒಂದು ಒಳ್ಳೆಯ ಬೈರಿಗೆ ತಾ, ಮಾರಾಯ್ತಿ. ಕಡಿಮೆಯದ್ದು ಬೇಡ" ಎಂದರು.

ಈಗ ಕರೆಂಟಿನ ಬೈರಿಗೆ ಬಂದದ್ದುಂಟಂತೆ, ಬಾಲದ ಹಾಗೆ ವಯರ್ ಎಳೆದುಕೊಂಡು ಹೋಗಬೇಕಂತೆ. ಆಗ ಅಂಥದ್ದೆಲ್ಲ ಇರಲಿಲ್ಲ. ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಲ್ಲಿನ ಚಕ್ರ ತಿರುಗಿಸಿದರೆ ಮರ ತೂತಾಗುತ್ತಿತ್ತು. ವಯರೂ ಇಲ್ಲ, ಕರೆಂಟೂ ಇಲ್ಲ, ಬೆಳಿಗ್ಗೆ ಉಂಡ ಗಂಜಿಯೇ ಅದರ ಕರೆಂಟು.

ಸಾಹುಕಾರರು ಮೇಜಿನ ಮೇಲೆ ಎರಡು ಇಟ್ಟರು. "ದೇಯಿ ಅಕ್ಕ, ಇದು ಕಡಿಮೆ ಕ್ರಯದ್ದು, ಹಲ್ಲೆಲ್ಲ ಹೊರಗೆ ಉಂಟು. ಇದು ವಿಲಾಯತಿಯದ್ದು, ಕ್ರಯ ಜಾಸ್ತಿ. ಹಲ್ಲೆಲ್ಲ ಡಬ್ಬಿಯ ಒಳಗೆ."

"ಹಲ್ಲು ಕಾಣದ್ದನ್ನು ಯಾರು ನಂಬುವುದು, ಬ್ಯಾರಿಗಳೇ? ಎತ್ತು ಕೊಳ್ಳುವಾಗಲೂ ನಾವು ಬಾಯಿ ತೆರೆದು ನೋಡುವುದು."

"ಎತ್ತಿಗೆ ಗಂಧ ಮೆತ್ತಿದರೆ ಅದು ಮೈ ಕೊಡವಿಕೊಳ್ಳುತ್ತದೆ ಅಕ್ಕ. ಇದಕ್ಕೆ ಕೊಡವಲಿಕ್ಕೆ ಬರುವುದಿಲ್ಲ. ನಿಮ್ಮದು ಆಯುಧ ಪೂಜೆ ಮಾಡುವ ಮನೆ. ಮುಚ್ಚಿದ್ದನ್ನೇ ತೆಕ್ಕೊಳ್ಳಿ."

ವ್ಯಾಪಾರಿ ನನ್ನ ಭಕ್ತಿಗೂ ಒಂದು ಕ್ರಯ ಕಟ್ಟಿದನಲ್ಲ ಎಂದು ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಒಂದು ನೆವ, ಅಷ್ಟೆ. ನಿಜ ಹೇಳುತ್ತೇನೆ. ನಮ್ಮ ಭಜನಾ ಮಂದಿರಕ್ಕೆ ಒಂದು ಗಂಟೆ ಕೊಡುತ್ತೇನೆಂದು ನಾನು ಹರಕೆ ಹೇಳಿಕೊಂಡಿದ್ದೆ. ಹೇಳಿ ಎರಡು ವರ್ಷವಾಗಿತ್ತು, ಕೊಟ್ಟಿರಲಿಲ್ಲ. ಕಡಿಮೆ ಬೈರಿಗೆ ಕೊಂಡರೆ ಉಳಿದ ದುಡ್ಡಿನಲ್ಲಿ ಗಂಟೆ ಬರುತ್ತಿತ್ತು. ಕಡಿಮೆಯದ್ದನ್ನೇ ಕೊಂಡೆ, ಗಂಟೆ ಬಂತು ಕೂಡ. ಬೀಡಿ ಕಟ್ಟಿ ಉಳಿಸಿದ ದುಡ್ಡೆಂದು ಮನೆಯಲ್ಲಿ ಹೇಳಿದೆ. ನಮ್ಮವರು ಇಲ್ಲಿಯವರೆಗೂ ಹಾಗೆಯೇ ನಂಬಿದ್ದಾರೆ. ಇಲ್ಲಿಯವರೆಗೆ ಎಂದರೆ ಈಗ ಈ ವಾಕ್ಯ ಮುಗಿಯುವವರೆಗೆ. ಗಂಡನಿಗೆ ಸುಳ್ಳು ಹೇಳಿ ದೇವರಿಗೆ ಕೊಟ್ಟದ್ದು ದೇವರಿಗೆ ಸಲ್ಲುತ್ತದೆಯೇ? ಭಟ್ಟರನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವರಿಗೂ ಗೊತ್ತಿರಲಾರದು.

ಆಯುಧ ಪೂಜೆಯ ದಿನ ಉಳಿ, ಗರಗಸ, ಕೀಸುಳಿ, ಎಲ್ಲವನ್ನೂ ಮಣೆಯ ಮೇಲಿಟ್ಟು ಗಂಧ ಹಚ್ಚಿದೆ. ಬೈರಿಗೆ ಹೊಸತಲ್ಲವೇ, ಎರಡು ಪಾಲು ಹಚ್ಚಿದೆ. ಒಂದೊಂದು ಹಲ್ಲಿಗೂ ಒಂದೊಂದು ಬೊಟ್ಟು, ಅದರ ಮೇಲೆ ಕುಂಕುಮ. ಮದುವಣಗಿತ್ತಿಯ ಹಾಗೆ ಕಂಡಿತು. ಪೂಜೆಗೆ ಕೂತ ಆಯುಧವನ್ನು ಆ ದಿನ ಮುಟ್ಟಬಾರದು, ಯಾರೂ ಮುಟ್ಟಲಿಲ್ಲ. ಹಲ್ಲಿನ ಸಂದಿಯಲ್ಲೆಲ್ಲ ಗಂಧ ಒಣಗಿ ಗಟ್ಟಿಯಾಗಿ ಕೂತುಬಿಟ್ಟಿತು.

ಮರುದಿನ ದೇರೆಬೈಲಿನಲ್ಲಿ ನೆಂಟರೆಲ್ಲ ಸುತ್ತ ನಿಂತಿದ್ದಾರೆ, ವಾಲಗದವರು ಕಾಯುತ್ತಿದ್ದಾರೆ. ನಮ್ಮವರು ದಾರಂದಕ್ಕೆ ತೂತು ಕೊರೆಯಲು ಬೈರಿಗೆ ತಿರುಗಿಸಿದರು, ತಿರುಗಲಿಲ್ಲ. ಸಿಟ್ಟಿನಲ್ಲಿ ಜೋರು ಮಾಡಿದರು. ಟಕ್ಕೆಂದು ಎರಡು ಹಲ್ಲು ಮುರಿಯಿತು. ಮುಹೂರ್ತ ದಾಟಿತು. "ಮೇಸ್ತ್ರಿಗಳೇ, ಮನೆ ಆಗುವ ಮೊದಲೇ ಅಪಶಕುನ ಮಾಡಿದಿರಲ್ಲ" ಎಂದು ಹೇಮಾಕ್ಷಿ ಅಮ್ಮ ಎಲ್ಲರ ಎದುರು ಹೇಳಿದರು. ಭಟ್ಟರು ಬೇರೆ ಮುಹೂರ್ತ ಕೊಟ್ಟರು, ಅವರಲ್ಲಿ ಮುಹೂರ್ತಕ್ಕೆ ಬರಗಾಲವಿಲ್ಲ. ಆದರೆ ನಮ್ಮವರು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಲ್ಲು ಯಾಕೆ ಮುರಿಯಿತೆಂದು ಯಾರೂ ನೋಡಲಿಲ್ಲ. ಹಬ್ಬದ ಮರುದಿನ ಗಂಧ ಎಲ್ಲದರ ಮೇಲೂ ಇರುತ್ತದೆ, ಗಂಧದ ಮೇಲೆ ಯಾರಿಗೆ ಸಂಶಯ ಬರುತ್ತದೆ?

ನಾನು ಬೈರಿಗೆ ಹಿಡಿದುಕೊಂಡು ಬಂದರಿಗೆ ಹೋದೆ. ಬೀದಿಯಲ್ಲಿ ನಿಂತು, "ಮೋಸದ ಮಾಲು ಕೊಟ್ಟು ನನ್ನ ಗಂಡನ ಮರ್ಯಾದೆ ತೆಗೆದಿರಿ" ಎಂದು ಕೂಗಿದೆ. ಎದುರಿನ ಉಪ್ಪುಮೀನಿನ ಅಂಗಡಿಯಿಂದ ಬೀಫಾತಿಮ್ಮನೂ ಹೊರಗೆ ಬಂದು ನೋಡಿದಳು. ಸಾಹುಕಾರರು ಬೈರಿಗೆ ತೆಗೆದುಕೊಂಡು, ಒಂದು ಮೊಳೆಯಿಂದ ಹಲ್ಲಿನ ಸಂದಿಯನ್ನು ಕೆದಕಿದರು. ಹಳದಿಯ ಹುಡಿ ಅಂಗೈಗೆ ಬಿತ್ತು. ಮೂಗಿನ ಹತ್ತಿರ ಹಿಡಿದರು. ನನ್ನ ಮುಖ ನೋಡಿದರು. ಆಮೇಲೆ ಮುಷ್ಟಿ ಮುಚ್ಚಿದರು.

ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಸಾಕಿತ್ತು. ತುಂಬಿದ ಬೀದಿಯಲ್ಲಿ ನನ್ನ ಪೂಜೆ ನಗೆಪಾಟಲಾಗುತ್ತಿತ್ತು. ಅವರು ಹೇಳಿದ್ದು ಎಂತ ಗೊತ್ತುಂಟಾ? "ತಪ್ಪು ನನ್ನದು ಅಕ್ಕ. ಇದನ್ನು ನಾನು ನಿಮಗೆ ಕೊಡಬಾರದಿತ್ತು." ಮುಚ್ಚಿದ ಹಲ್ಲಿನದ್ದನ್ನು ಬದಲಿಗೆ ಕೊಟ್ಟರು. ಅದು ಇವತ್ತಿಗೂ ತಿರುಗುತ್ತದೆ. ಈಗ ಅದಕ್ಕೆ ನಾನು ಹಿಡಿಯ ಮೇಲೆ ಒಂದೇ ಬೊಟ್ಟು ಇಡುತ್ತೇನೆ. ದೇವರು ಬೇಸರ ಮಾಡಿಕೊಂಡದ್ದು ಕಾಣುವುದಿಲ್ಲ.

ನನಗೆ ಆಗಲೇ ಎಲ್ಲ ಗೊತ್ತಾಗಿತ್ತು. ಗೊತ್ತಾಗಿಯೂ ಗಂಧದ ವಿಷಯ ಬಾಯಿ ಬಿಡದೆ ಮನೆಗೆ ಬಂದು, ಸಾಹುಕಾರರು ತಪ್ಪು ಒಪ್ಪಿಕೊಂಡರು ಎಂದಷ್ಟೇ ಹೇಳಿದೆ. "ಒಪ್ಪಿಕೊಂಡನಲ್ಲ! ಒಪ್ಪಿಕೊಂಡ ಮೇಲೆ ಇನ್ನೆಂತ ಸಾಕ್ಷಿ ಬೇಕು?" ಎಂದು ನಮ್ಮವರೇ ಸಂಘದಲ್ಲಿ ಎದ್ದು ನಿಂತರು. ಉಮರಬ್ಬನ ಅಂಗಡಿಯಿಂದ ಸದಸ್ಯರು ಯಾವ ಉಪಕರಣವನ್ನೂ ಕೊಳ್ಳಬಾರದೆಂದು ನಿರ್ಣಯವಾಯಿತು. ಆ ನಿರ್ಣಯ ಇನ್ನೂ ಪುಸ್ತಕದಲ್ಲಿ ಉಂಟು. ಪುಸ್ತಕದಲ್ಲಿ ಕಳ್ಳ ಎಂದು ಇಟ್ಟುಕೊಂಡು ಸಭೆಯಲ್ಲಿ ಶಾಲು ಹೊದೆಸುವುದು ಯಾವ ಊರಿನ ಮರ್ಯಾದೆ, ಅಧ್ಯಕ್ಷರೇ? ಅಂಗಡಿ ಬರುವ ತಿಂಗಳು ಮುಚ್ಚುತ್ತದೆ, ಅದಕ್ಕೇ ಈ ಸನ್ಮಾನ. ಅವರು ಈ ಹೆಸರು ಹೊತ್ತುಕೊಂಡೇ ಮನೆಗೆ ಹೋಗಬೇಕೇ?

ಶಾಲು ಆಮೇಲೆ. ಜಯ ಅವರೇ, ಐವತ್ತೈದರ ಪುಸ್ತಕ ತನ್ನಿ ಎಂದು ನಿನ್ನೆಯೇ ಹೇಳಿದ್ದೆ. ಯಾಕೆಂದು ನೀವು ಕೇಳಲಿಲ್ಲ, ಒಳ್ಳೆಯದಾಯಿತು. ಪುಟ ತೆರೆಯಿರಿ. ಆ ನಿರ್ಣಯ ರದ್ದಾಗಬೇಕು ಎನ್ನುವವರು ಕೈ ಎತ್ತಿ. ನಾನು ಸದಸ್ಯಳಲ್ಲ, ನನಗೆ ಹಕ್ಕಿಲ್ಲ, ಗೊತ್ತುಂಟು. ಮೈಕ್ ನನ್ನ ಕೈಯಲ್ಲಿದೆ, ಅಷ್ಟೆ. ಎತ್ತಿ. ಹಿಂದಿನ ಬೆಂಚಿನವರೂ ಎತ್ತಿ, ಚಾ ನಿಮ್ಮ ಕೈ ನೋಡಿಯೇ ಬರುವುದು.

ಒಬ್ಬರು ಎತ್ತಲಿಲ್ಲ. ಯಾರೆಂದು ನಾನು ಹೆಸರು ಹೇಳುವ ಹಾಗಿಲ್ಲ.

ಇವರೇ, ನಿಮಗೆ ಸುಳ್ಳು ಹೇಳಿದವಳು ನಾನು. ಸಿಟ್ಟು ನನ್ನ ಮೇಲೆ ಇರಲಿ, ಮನೆಯಲ್ಲಿ ಎಷ್ಟು ಬೇಕಾದರೂ ಬೈಯಿರಿ, ಎದುರು ಮಾತಾಡುವುದಿಲ್ಲ. ಆದರೆ ಆ ಮನುಷ್ಯ ನನ್ನ ಮಾನ ಕಾಯಲು ಒಂಬತ್ತು ವರ್ಷ ಮುಷ್ಟಿ ಬಿಚ್ಚಲಿಲ್ಲ. ನೀವು ಒಂದು ಸಲ ಕೈ ಬಿಚ್ಚಿ ಮೇಲೆತ್ತಿ.

ಎತ್ತಿದರು. ಮುಖ ಆಚೆ ತಿರುಗಿಸಿಕೊಂಡಾದರೂ ಎತ್ತಿದರು.

ಗೆರೆ ಎಳೆಯಿರಿ, ಜಯ ಅವರೇ. ಸಪೂರ ಬೇಡ, ದಪ್ಪಕ್ಕೆ ಎಳೆಯಿರಿ.

ಉಮರಬ್ಬ ಸಾಹುಕಾರರೇ, ತಪ್ಪು ನಿಮ್ಮದಲ್ಲ, ನನ್ನದು. ನಿಮ್ಮ ಬೀದಿಯಲ್ಲಿ ಎಷ್ಟು ದೊಡ್ಡ ಸ್ವರದಲ್ಲಿ ಬೈದಿದ್ದೆನೋ, ಅಷ್ಟೇ ದೊಡ್ಡ ಸ್ವರದಲ್ಲಿ ಹೇಳಿದ್ದೇನೆ. ಕೂತು ಕೇಳಿದ ನಿಮಗೆಲ್ಲರಿಗೂ ಉಪಕಾರವಾಯಿತು. ಪಡೀಲಿನವರೇ, ಅಂಗಡಿ ಇನ್ನೂ ಒಂದು ತಿಂಗಳು ತೆರೆದಿರುತ್ತದೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಹೋಗುತ್ತೇನೆ, ಬರುವವರು ಬನ್ನಿ. ನಮಸ್ಕಾರ.